ಡಿಕ್ಕಿಯ ಪೆಟ್ಟಿಗೆ ಮತ್ತು ತಂಗಿಯ ಬೆರಳು

ಸೆಕೆಂಡ್ ಹ್ಯಾಂಡ್ ಕಾರು ಕೊಂಡ ವರ್ಷವೇ ಅದರಲ್ಲೊಂದು ಸಬ್‌ವೂಫರ್ ಸ್ಪೀಕರ್ ಕೂರಿಸುವ ಹುಚ್ಚು ನನಗೆ ಹಿಡಿಯಿತು. ಪುಣೆಯ ಸದಾಶಿವ ಪೇಠದ ಒಂದು ವಿಮಾ ಕಚೇರಿಯಲ್ಲಿ ನಾನು ಗುಮಾಸ್ತ. ದಿನವಿಡೀ ಜಜ್ಜಿಹೋದ ಗಾಡಿಗಳ ಫೋಟೊ ನೋಡುವುದು, ಕಾಗದಕ್ಕೆ ಠಸ್ಸೆ ಒತ್ತುವುದು, ಇಷ್ಟೇ ಕೆಲಸ. ಸಂಜೆ ಕಾತ್ರಜದ ಮನೆಗೆ ಮರಳುವಾಗ ಟ್ರಾಫಿಕ್ಕಿನಲ್ಲಿ ಒಂದು ತಾಸಾದರೂ ಸಿಕ್ಕಿಕೊಳ್ಳಬೇಕು. ಪಕ್ಕದಲ್ಲಿ ನಿಂತ ಯಾವುದೋ ಕಾರಿನಿಂದ ಹೊರಟ ಗುಡುಗಿನಂಥ ತಗ್ಗು ದನಿ ನನ್ನ ಸೀಟಿನ ಬೆನ್ನನ್ನೂ ನಡುಗಿಸುವಾಗ, ಇಂಥದೊಂದು ನನಗೂ ಬೇಕು ಅನ್ನಿಸುತ್ತಿತ್ತು. ಇದ್ದದ್ದು ಅಷ್ಟೇ ಆಸೆ. ತಂಗಿಯ ವಿಚಾರ ಅದರಲ್ಲಿ ಇರಲೇ ಇಲ್ಲ. ಆಮೇಲೆ ಕೇಳಿದವರಿಗೆಲ್ಲ ‘ತಂಗಿಗಾಗಿ ಮಾಡಿದೆ’ ಎಂದು ಹೇಳಿಕೊಂಡು ಓಡಾಡಿದೆ. ಇಲ್ಲಿ ಬರೆಯುವಾಗಲಾದರೂ ಅದನ್ನು ತಿದ್ದಬೇಕು.

ತಂಗಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ನಾಲ್ಕನೇ ವಯಸ್ಸಿನಲ್ಲಿ ಬಂದ ಮೆದುಳುಜ್ವರ ಅವಳ ಎರಡೂ ಕಿವಿಗಳನ್ನು ಮುಚ್ಚಿಬಿಟ್ಟಿತು. ಆಗ ನಾವು ವಿಜಯಪುರದಲ್ಲಿದ್ದೆವು. ಪುಣೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಒಳ್ಳೆಯ ಶಾಲೆ ಇದೆಯೆಂದು ಯಾರೋ ಹೇಳಿದರು. ಅಪ್ಪ ಇಲ್ಲಿನ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸ ಹಿಡಿದು ನಮ್ಮನ್ನೆಲ್ಲ ಕರೆತಂದರು. ಶಾಲೆಯವರು ಅವಳಿಗೆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಿದರು. ಆದರೆ ಅವರು ಕಲಿಸಿದ್ದು ಮರಾಠಿ. ಮನೆಯ ಕನ್ನಡ ಅವಳಿಗೆ ಊಟ, ಬಟ್ಟೆ, ಸ್ನಾನ, ಬೈಗುಳ, ಇಷ್ಟರ ಮಟ್ಟಿಗೆ ಮಾತ್ರ ತಿಳಿಯುತ್ತಿತ್ತು. ಅದಕ್ಕಿಂತ ದೊಡ್ಡ ಮಾತು ಬಂದರೆ ಫೋನಿನಲ್ಲಿ ಮರಾಠಿಯಲ್ಲಿ ಬರೆಯುವಳು. ಅವ್ವನಿಗೆ ಓದಲು ಬರುವುದು ಕನ್ನಡ ಮಾತ್ರ. ಹೀಗಾಗಿ ತಾಯಿ ಮಗಳ ನಡುವೆ ಯಾವ ದೊಡ್ಡ ಮಾತಿಗೂ ನಾನೇ ದುಭಾಷಿ. ಅಪ್ಪ ತೀರಿಕೊಂಡ ಮೇಲಂತೂ ನಾನು ಇಲ್ಲದ ಹೊತ್ತಿನಲ್ಲಿ ಇಬ್ಬರೂ ಬರೀ ಕೈಸನ್ನೆಯಲ್ಲಿ ದಿನ ದೂಡುತ್ತಿದ್ದರು.

ಶಾಲೆ ಮುಗಿದ ಮೇಲೆ ಅವಳು ಹೊಲಿಗೆ ಕಲಿತಳು. ಮನೆಯಲ್ಲೇ ಕೂತು ಅಕ್ಕಪಕ್ಕದವರ ಬ್ಲೌಸು, ಸೀರೆಯ ಫಾಲ್ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಭಾಳ ನಾಜೂಕು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಆ ಕೈಗಳಿಗೆ ಅದಕ್ಕಿಂತ ಹೆಚ್ಚಿನದು ಏನಾದರೂ ಬರಬಹುದೆಂದು ಯೋಚಿಸಿರಲಿಲ್ಲ.

ಕಾರಿನ ಡಿಕ್ಕಿಯಲ್ಲಿ ಅರ್ಧ ಜಾಗವನ್ನು ಸಿಎನ್‌ಜಿ ಸಿಲಿಂಡರೇ ತಿಂದಿತ್ತು. ಅದರ ಭಾರಕ್ಕೆ ಹಿಂಭಾಗ ಕುಸಿದು, ಸ್ಪೀಡ್ ಬ್ರೇಕರ್ ದಾಟುವಾಗಲೆಲ್ಲ ಗಾಡಿಯ ಹೊಟ್ಟೆ ಕೆರೆಯುತ್ತಿತ್ತು. ಇನ್ನು ಮೇಲೆ ಹಿಂದೆ ಭಾರ ಹಾಕಬೇಡಿ ಎಂದು ಮೆಕ್ಯಾನಿಕ್ ಖಡಾಖಂಡಿತವಾಗಿ ಹೇಳಿದ್ದ. ಸಬ್‌ವೂಫರ್ ಕೂರಿಸಲು ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಗಳೋ ದಪ್ಪ ಹಲಗೆಯವು, ಎತ್ತಲು ಇಬ್ಬರು ಬೇಕು. ವಿಜಯಪುರಕ್ಕೆ ಹೊರಟಾಗಲೆಲ್ಲ ಅವ್ವನ ಚೀಲಗಳಿಗಾಗಿ ಅದನ್ನು ಇಳಿಸಿ, ಬಂದ ಮೇಲೆ ಮತ್ತೆ ಏರಿಸಬೇಕು. ಅದಕ್ಕೆ ತೆಳ್ಳನೆಯ ಪ್ಲೈವುಡ್ಡಿನಿಂದ ಹಗುರವಾದ ಪೆಟ್ಟಿಗೆಯನ್ನು ನಾನೇ ಮಾಡುವುದೆಂದು ನಿಶ್ಚಯಿಸಿದೆ. ಎಷ್ಟೋ ವಿಡಿಯೊ ನೋಡಿದೆ. ಬಡಿಗನ ಅಂಗಡಿಯಲ್ಲಿ ಹಲಗೆ ಕೊಯ್ಯಿಸಿಕೊಂಡು ಬಂದು, ಒಂದು ಭಾನುವಾರ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ನನ್ನ ಕಾರಿನ ಪಕ್ಕದಲ್ಲೇ ಚಾಪೆ ಹಾಸಿ ಕೆಲಸ ಶುರುಮಾಡಿದೆ.

ತಂಗಿ ಚಹಾ ಕೊಡಲು ಇಳಿದು ಬಂದವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ನಾನು ಅಂಟು ಹಚ್ಚಿ ಮೊಳೆ ಹೊಡೆಯುವುದನ್ನು ನೋಡುತ್ತ ಹಲಗೆಯ ಒಂದು ಮೂಲೆಯನ್ನು ತಾನಾಗಿಯೇ ಹಿಡಿದುಕೊಂಡಳು. ನಾನು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಮುಂದಿನ ಭಾನುವಾರ ಸ್ಪೀಕರ್ ಕೂರಿಸಿ, ಫೋನಿನಿಂದ ತಗ್ಗಿನ ಒಂದೇ ಸ್ವರ ಹಚ್ಚಿ ಪರೀಕ್ಷೆ ಮಾಡಿದೆ. ಪೆಟ್ಟಿಗೆ ಗೊಂಯ್ ಎಂದು ಒದರಿತು. ಸ್ವರದ ಜೊತೆಗೆ ಹಲಗೆಯೂ ಅಲುಗುತ್ತಿತ್ತು. ತೆಳ್ಳನೆಯ ಹಲಗೆಯ ರೋಗವೇ ಅದು, ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಬೇಕು ಎಂದು ವಿಡಿಯೊದಲ್ಲಿ ಹೇಳಿದ್ದರು. ನಾನು ಪ್ರತಿ ಹಲಗೆಯ ನಟ್ಟನಡುವೆ ಒಂದೊಂದು ಪಟ್ಟಿ ಅಂಟಿಸಿದೆ. ಒಂದು ವಾರ ಬಿಟ್ಟು ಮತ್ತೆ ಹಚ್ಚಿದರೆ ಅದೇ ಗೊಂಯ್. ತಂಗಿ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟಳು. ಆಮೇಲೆ ಅಂಗೈ ತೆಗೆದು, ತೋರುಬೆರಳಿನ ತುದಿಯೊಂದನ್ನೇ ಮೆಲ್ಲಗೆ ಸರಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿ ನನ್ನ ಮುಖ ನೋಡಿದಳು. ಇಲ್ಲಿ ಎಂಬಂತೆ ಎರಡು ಸಲ ತಟ್ಟಿದಳು. ನಾನು ಅಲ್ಲವೆಂದು ತಲೆಯಾಡಿಸಿ, ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿ, ಸ್ಕ್ರೂಗಳನ್ನು ಇನ್ನಷ್ಟು ಬಿಗಿದೆ. ಗೊಂಯ್ ಹೋಗಲಿಲ್ಲ.

ಅವಳು ಎದ್ದು ಮೇಲೆ ಹೋದಳು. ಐದು ನಿಮಿಷಕ್ಕೆ ರವೆಯ ಡಬ್ಬಿ ಹಿಡಿದು ಬಂದಳು. ಹಿಂದೆಯೇ ಬಾಲ್ಕನಿಯಿಂದ ಅವ್ವನ ಕೂಗು ಬಂತು.

“ಲೇ ತಮ್ಮಾ, ಆಕಿ ರವಾದ ಡಬ್ಬಿ ಯಾಕ ತೊಗೊಂಡು ಹೋದ್ಲೋ? ಉಪ್ಪಿಟ್ಟಿಗೆ ಎಸರು ಇಟ್ಟೀನಿ ಇಲ್ಲೆ!”

“ಗೊತ್ತಿಲ್ಲವ್ವಾ, ತಡಿ!” ಎಂದೆ.

ತಂಗಿ ಪೆಟ್ಟಿಗೆಯ ಮೇಲೆ ಒಂದು ಹಿಡಿ ರವೆ ತೆಳ್ಳಗೆ ಉದುರಿಸಿ, ಸ್ವರ ಹಚ್ಚು ಎಂದು ಫೋನಿನ ಕಡೆ ಕೈ ತೋರಿದಳು. ಹಚ್ಚಿದೆ. ರವೆ ಕುಣಿಯತೊಡಗಿತು. ಕೆಲವು ಕಡೆ ಕಾಳುಗಳು ಸುಮ್ಮನೆ ಗೆರೆಯಾಗಿ ನಿಂತವು. ಅವಳು ಬೆರಳಿಟ್ಟಿದ್ದ ಜಾಗದಲ್ಲಿ ಮಾತ್ರ ಕಾದ ಬಾಣಲೆಯ ಮೇಲೆ ಬಿದ್ದ ಸಾಸಿವೆಯಂತೆ ಸಿಡಿಯುತ್ತಿದ್ದವು. ಅದು ನಟ್ಟನಡುವೆ ಅಲ್ಲ, ಒಂದು ಮೂಲೆಯತ್ತ ನಾಲ್ಕು ಬೆರಳು ಸರಿದು ಇತ್ತು. ಅವಳು ಪೆನ್ಸಿಲ್ಲಿನಿಂದ ಅಲ್ಲೊಂದು ಗುರುತು ಹಾಕಿದಳು. ಅದರ ಮೇಲಿಂದ ಓರೆಯಾಗಿ ಒಂದು ಗೆರೆ ಎಳೆದು, ಪಟ್ಟಿ ಹೀಗೆ ಬರಬೇಕು ಎಂದು ತೋರಿಸಿದಳು. ಸೀರೆಯ ಅಂಚಿಗೆ ಗುರುತು ಹಾಕುವಾಗಿನ ನಿಶ್ಚಿಂತೆಯೇ ಅವಳ ಮುಖದಲ್ಲಿತ್ತು.

ಹಾಗೇ ಮಾಡಿದೆವು. ನಾಲ್ಕೂ ಬದಿಗೆ ಅವಳೇ ಬೆರಳಾಡಿಸಿ ಜಾಗ ಹೇಳಿದಳು. ಎದುರುಬದುರು ಹಲಗೆಗಳ ನಡುವೆ ಒಂದು ಕೋಲನ್ನು ಊರುಗೋಲಿನಂತೆ ನಿಲ್ಲಿಸುವ ಯೋಚನೆಯೂ ಅವಳದೇ. ಪಟ್ಟಿಗಳನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ ಇನ್ನಷ್ಟು ಭಾರ ಇಳಿಸಿದಳು. ಕೊನೆಗೆ ಕಪ್ಪು ಬಟ್ಟೆಯ ಹೊದಿಕೆ ಹೊಲಿದು ತೊಡಿಸಿದಳು. ಎಷ್ಟು ಬಿಗಿಯಾಗಿತ್ತೆಂದರೆ ಮೂಲೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಸಿದ್ಧವಾದ ಪೆಟ್ಟಿಗೆಯನ್ನು ನಾನು ಒಂದೇ ಕೈಯಲ್ಲಿ ಎತ್ತಿದೆ. ಅವಳೂ ಎತ್ತಿದಳು. ಆ ಆರೇಳು ಭಾನುವಾರ ನಾವಿಬ್ಬರೂ ಫೋನಿನಲ್ಲಿ ಬರೆದದ್ದು ಭಾಳ ಕಡಿಮೆ. ಬೇಕಾಗಲಿಲ್ಲ.

ಕಾರು ಹೊರಡಿಸಿ ಮೊದಲ ಸಲ ಹಾಡು ಹಚ್ಚಿದಾಗ ಅವಳು ಹಿಂದಿನ ಸೀಟಿನಲ್ಲಿ ಕೂತು ಬೆನ್ನನ್ನು ಪೂರ್ತಿ ಒತ್ತಿದಳು. ತುಸು ಹೊತ್ತಿಗೆ ಗಟ್ಟಿಯಾಗಿ ನಕ್ಕಳು. ತನ್ನ ನಗು ತನಗೆ ಕೇಳಿಸದ್ದರಿಂದ ಹೊರಗೆ ಜನರ ನಡುವೆ ಅವಳು ಯಾವತ್ತೂ ಬಾಯಿ ಮುಚ್ಚಿ ನಗುವವಳು. ಅಂದು ಮುಚ್ಚಲಿಲ್ಲ.

ಇದಾಗಿ ಹದಿನೈದು ದಿನಕ್ಕೆ ನಡೆದ ಮಾತು ಮುಂದಿನದು. ಶನಿವಾರ ಅರ್ಧ ದಿನ ಆಫೀಸು. ಅವಳಿಗೆ ದಾರ, ಲೈನಿಂಗ್ ಬಟ್ಟೆ ಬೇಕಿತ್ತೆಂದು ಬಸ್ಸಿನಲ್ಲಿ ಪೇಠಕ್ಕೆ ಬಂದಿದ್ದಳು. ಅವಳನ್ನು ಕೂರಿಸಿಕೊಂಡು ಮನೆಗೆ ಹೊರಟವನು, ಆಫೀಸಿನ ಹಿಂದಿನ ಗಲ್ಲಿಯಲ್ಲಿದ್ದ ಕಾರ್ ಆಡಿಯೊ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಒಂದು ವೈರು ಕೊಳ್ಳಬೇಕಿತ್ತು. ಹಾಡು ಹಾಗೇ ನಡೆದಿತ್ತು. ಅಂಗಡಿಯ ಮಾಲೀಕರು ಐವತ್ತು ದಾಟಿದವರು, ಮಿತಭಾಷಿ. ಅವರು ಎದ್ದು ಹೊರಗೆ ಬಂದು, ಡಿಕ್ಕಿ ತೆಗೆಯಿರಿ ಎಂದರು. ತೆಗೆದೆ. ಅವರು ಪೆಟ್ಟಿಗೆಯ ಕೆಳಗೆ ಕೈ ಹಾಕಿ ಎತ್ತಲು ನೋಡಿದರು. ಭಾರವಿರಬಹುದೆಂದು ಜೋರು ಹಾಕಿದ್ದರಿಂದ ಅದು ಥಟ್ಟನೆ ಮೇಲೆದ್ದು ಅವರೇ ಗಾಬರಿಯಾದರು. ಸುತ್ತಲೂ ಬೆರಳಿನಿಂದ ತಟ್ಟಿ ನೋಡಿ ನನ್ನತ್ತ ತಿರುಗಿದರು.

“ಹೇ ಕುಣೀ ಬನವಲಂ?”

ಇದನ್ನು ಯಾರು ಮಾಡಿದ್ದು ಎಂದು ಕೇಳಿದ್ದು. ನಾನು ಎಂದೆ:

“ಮೀಚ.”

ನಾನೇ, ಎಂದು. ಅವರು ನಂಬಲಿಲ್ಲವೇನೋ ಎಂಬಂತೆ, ಪಟ್ಟಿ ಎಲ್ಲಿ ಕೊಡಬೇಕೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರು. ರವೆ ಉದುರಿಸಿದ ಕಥೆಯನ್ನು ನನ್ನದೇ ಉಪಾಯವೆಂಬಂತೆ ವಿಸ್ತಾರವಾಗಿ ಹೇಳಿದೆ. ಓರೆ ಪಟ್ಟಿಯ ಗುಟ್ಟನ್ನೂ ಹೇಳಿದೆ. ಅವರ ಕಣ್ಣು ಅರಳಿತು. ಸಿಎನ್‌ಜಿ ಗಾಡಿಯವರು ಇಂಥದಕ್ಕೇ ಕೇಳಿಕೊಂಡು ಬರುತ್ತಾರೆ, ನೀವು ಮಾಡಿಕೊಡುವುದಾದರೆ ಎಷ್ಟು ಬೇಕಾದರೂ ಇಟ್ಟುಕೊಳ್ಳುತ್ತೇನೆ ಎಂದರು. ಆ ಇಡೀ ಹೊತ್ತು ತಂಗಿ ಡಿಕ್ಕಿಯ ಇನ್ನೊಂದು ಬದಿಗೆ, ನನಗೆ ಎದುರಾಗಿ, ದಾರದ ಚೀಲ ಹಿಡಿದು ನಿಂತಿದ್ದಳು. ಯಾರಿವರು ಎಂದು ಅವರು ಕೇಳಿದಾಗ, ನನ್ನ ತಂಗಿ, ಕಿವಿ ಕೇಳಿಸುವುದಿಲ್ಲ ಎಂದೆ. ಅವರು ಅಯ್ಯೋ ಪಾಪ ಎಂಬ ಮುಖ ಮಾಡಿದರು. ನಾನೂ ಅದೇ ಮುಖ ಮಾಡಿದೆ.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನು ಕೇಳಿಕೊಂಡಿದ್ದೇನೆ. ಆಫೀಸಿನಲ್ಲಿ ಹನ್ನೆರಡು ವರ್ಷ ಕೂತರೂ ಇದನ್ನು ಯಾರು ಮಾಡಿದ್ದು ಎಂದು ಮೆಚ್ಚುಗೆಯಿಂದ ಯಾರೂ ನನ್ನನ್ನು ಕೇಳಿರಲಿಲ್ಲ. ಅದೊಂದು ಕಾರಣ. ಕಿವಿ ಕೇಳದ ಹುಡುಗಿ ಸ್ಪೀಕರಿನ ಪೆಟ್ಟಿಗೆ ಮಾಡಿದಳು ಎಂದರೆ ಕಥೆಯೆಲ್ಲ ಬಿಡಿಸಿ ಹೇಳಬೇಕು, ಅದರ ಬೇಸರ ಇನ್ನೊಂದು. ಆದರೆ ಇವೆರಡಕ್ಕಿಂತ ನಾಚಿಕೆಯ ಕಾರಣ ಬೇರೆ ಇದೆ. ಅವಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆ. ಮನೆಯ ಕನ್ನಡದಲ್ಲಿ ಅವಳು ತಡವರಿಸುವುದನ್ನೇ ನೋಡಿ ನೋಡಿ, ಮರಾಠಿ ತುಟಿಗಳನ್ನು ಅವಳು ಅಚ್ಚಿನ ಅಕ್ಷರದಂತೆ ಓದುತ್ತಾಳೆಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ. ‘ಮೀಚ’ ಎನ್ನಲು ಎರಡೂ ತುಟಿ ಕೂಡಿ ಬಿಚ್ಚಬೇಕು. ತುಟಿ ಓದುವವರಿಗೆ ಅದಕ್ಕಿಂತ ಸುಲಭದ ಮಾತು ಮತ್ತೊಂದಿಲ್ಲ.

ಮರಳುವಾಗ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ದಣಿದಿರಬೇಕು ಅಂದುಕೊಂಡೆ.

ಮುಂದಿನ ಭಾನುವಾರ ಅಂಗಡಿಗೆಂದು ಎರಡು ಪೆಟ್ಟಿಗೆಯ ಹಲಗೆ ತಂದು ಪಾರ್ಕಿಂಗಿನಲ್ಲಿ ಹರಡಿ ಕಾದೆ. ಅವಳು ಇಳಿದು ಬರಲಿಲ್ಲ. ಮೇಲೆ ಹೋಗಿ ಕರೆದರೆ, ಹೊಲಿಗೆ ಕೆಲಸ ಇದೆ ಎಂದು ಸನ್ನೆ ಮಾಡಿದಳು. ಅದರ ಮುಂದಿನ ವಾರವೂ ಹಾಗೇ. ನಾನೊಬ್ಬನೇ ಪೆಟ್ಟಿಗೆ ಕಟ್ಟಿದೆ. ರವೆ ಉದುರಿಸಿದೆ. ಅದು ಎಲ್ಲೆಡೆ ಕುಣಿಯುವಂತೆ ಕಾಣುತ್ತಿತ್ತು, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ನನಗೆ ತಿಳಿಯಲಿಲ್ಲ. ಅಂದಾಜಿಗೆ ಪಟ್ಟಿ ಬಡಿದೆ. ಎರಡೂ ಪೆಟ್ಟಿಗೆ ಒದರಿದವು. ಅಂಗಡಿಯವರು ಬೈಯಲಿಲ್ಲ. “ಮೊದಲಿನದರ ಹಾಗೆ ಇಲ್ಲವಲ್ಲ” ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ ಅವನ್ನು ಗೋಡೆಗೆ ಒರಗಿಸಿಟ್ಟರು.

ಆ ಸಂಜೆ ತಂಗಿಯ ಮುಂದೆ ಕೂತು ಫೋನಿನಲ್ಲಿ ಬರೆದೆ. ಎರಡು ಪೆಟ್ಟಿಗೆ ಕೆಟ್ಟಿವೆ, ಒಂದು ಸಲ ಬಂದು ಬೆರಳಿಟ್ಟು ನೋಡು. ಅವಳು ಓದಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಒಂದೇ ಸಾಲು ಬರೆದು ತೋರಿಸಿದಳು.

“ಅದನ್ನು ನೀನೇ ಮಾಡಿದ್ದಲ್ಲವಾ?”

ಆಗಲೇ ತಪ್ಪಾಯಿತು ಎಂದು ಬರೆಯಬಹುದಿತ್ತು. ಅದೊಂದೇ ಪದ ಸಾಕಿತ್ತು. ನಾನು ಬರೆದದ್ದು, ‘ಅಂಗಡಿಯವರ ಮುಂದೆ ಸುಮ್ಮನೆ ಹಾಗೆ ಅಂದೆ, ಅಷ್ಟಕ್ಕೇ ಇಷ್ಟೊಂದು ಸಿಟ್ಟೇ?’ ಎಂದು. ಅವಳು ಅದನ್ನು ಓದಿದಳು, ಫೋನನ್ನು ನನ್ನ ಕೈಗೇ ಕೊಟ್ಟು ಹೊಲಿಗೆಗೆ ಕೂತಳು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಕೇಳಿದಳು. “ಏನಾತೋ ನಿಮ್ಮಿಬ್ಬರ ನಡುವ? ಆಕಿ ಮೂರು ವಾರದಿಂದ ಸರಿಯಾಗಿ ಉಣ್ಣವಲ್ಲಳು.”

“ಏನಿಲ್ಲವ್ವಾ.”

“ಏನಿಲ್ಲ ಅಂದ್ರ? ನನಗ ಆಕಿ ಕೂಡ ಮಾತಾಡಾಕ ಬರಂಗಿಲ್ಲ. ನೀ ಹೇಳಿದ್ರ ಮಾತ್ರ ನನಗ ತಿಳೀತದ. ನೀನೂ ಏನಿಲ್ಲ ಅಂದ್ರ ನಾ ಯಾರನ್ನ ಕೇಳಲಿ?”

ನಾನು ಆಗಲೂ ಹೇಳಲಿಲ್ಲ. ದುಭಾಷಿಯಾದವನು ತನ್ನದೇ ತಪ್ಪನ್ನು ತರ್ಜುಮೆ ಮಾಡದಿದ್ದರೆ ಯಾರಿಗೂ ತಿಳಿಯುವ ದಾರಿ ಇರಲಿಲ್ಲ.

ನಾಲ್ಕೈದು ತಿಂಗಳು ಕಳೆದವು. ಅಂಗಡಿಯ ಮುಂದೆ ಹಾದುಹೋಗುವುದೇ ಕಷ್ಟವಾಗಿ ಬೇರೆ ಗಲ್ಲಿ ಹಿಡಿದು ಹೋಗುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಊಟದ ವೇಳೆಗೆ ಧೈರ್ಯ ಮಾಡಿ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊದಲ ಪೆಟ್ಟಿಗೆಯ ಕೆಲಸವೆಲ್ಲ ತಂಗಿಯದು, ರವೆಯೂ ಅವಳದು, ಓರೆ ಪಟ್ಟಿಯೂ ಅವಳದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅಂದು ಇಲ್ಲೇ ನಿಂತಿದ್ದರಲ್ಲ, ಅವರಾ?”

“ಹೌದು.”

“ಅವರ ಎದುರಿಗೇ ನೀವು ಹಾಗೆ ಹೇಳಿದಿರಾ?”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಕರೆದುಕೊಂಡು ಬನ್ನಿ. ನನಗೆ ಇಂದಿಗೂ ಅಂಥ ಕೈ ಬೇಕು” ಎಂದರು.

ಆ ಸಂಜೆ ಕಾತ್ರಜಕ್ಕೆ ಹೇಗೆ ಮುಟ್ಟಿದೆನೋ ಗೊತ್ತಿಲ್ಲ. ಎಲ್ಲ ಸರಿಹೋಯಿತು ಎಂಬ ಉಮೇದು. ತಂಗಿ ನಡುಮನೆಯಲ್ಲಿ ಬಟ್ಟೆ ಮಡಿಚುತ್ತಿದ್ದಳು. ಪಕ್ಕದಲ್ಲಿ ತೆರೆದ ಸೂಟ್‌ಕೇಸ್. ನಾನು ಬರೆದದ್ದನ್ನು ಅವಳು ನಿಧಾನವಾಗಿ ಓದಿದಳು. ಆಮೇಲೆ ತನ್ನ ಫೋನಿನಲ್ಲಿದ್ದ ಒಂದು ಪತ್ರ ತೋರಿಸಿದಳು. ಪುಣೆಯ ಹೊರಗಿನ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳನ್ನು ತಪಾಸಣೆ ಮಾಡುವ ಕೆಲಸ. ಅವಳ ಶಾಲೆಯ ಹಳೆಯ ಶಿಕ್ಷಕಿ ಕೊಡಿಸಿದ್ದು. ಅವಳ ಜೊತೆ ಓದಿದ ಮೂವರು ಆಗಲೇ ಅಲ್ಲಿದ್ದರು, ಕೂಡಿ ಒಂದು ಖೋಲಿ ಹಿಡಿದಿದ್ದರು.

ಅಂಗಡಿಯಲ್ಲಿ ನಿನಗೆ ಇಷ್ಟದ ಕೆಲಸ ಸಿಗುತ್ತದೆ, ಮನೆಯಲ್ಲೇ ಇರಬಹುದು ಎಂದು ಬರೆದೆ. ಅವಳು ಬರೆದಳು: “ಮೂರು ತಿಂಗಳ ಹಿಂದೆ ಹೇಳಿದ್ದರೆ ಬರುತ್ತಿದ್ದೆ. ಇಲ್ಲಿಗೆ ನಾನೇ ಪರೀಕ್ಷೆ ಕೊಟ್ಟೆ, ನನ್ನ ಹೆಸರಿನಲ್ಲೇ ಪಾಸಾದೆ.”

ಅವ್ವನಿಗೆ ಅಂದು ಎಲ್ಲವನ್ನೂ ಹೇಳಿದೆ. ಅವ್ವ ಅಳಲಿಲ್ಲ. “ನಿಮ್ಮಪ್ಪ ಇದ್ದಿದ್ರ ನಿನ್ನ ಕಪಾಳಕ್ಕ ಹೊಡೀತಿದ್ರು” ಎಂದಷ್ಟೇ ಅಂದು, ಮಗಳ ಸೂಟ್‌ಕೇಸಿಗೆ ಚಟ್ನಿಪುಡಿಯ ಡಬ್ಬಿ ಇಡಲು ಹೋದಳು.

ಎರಡು ತಿಂಗಳ ಮೇಲೆ ನಾನೊಬ್ಬನೇ ರಾಂಜಣಗಾಂವಕ್ಕೆ ಹೋದೆ. ಗಣಪತಿ ಗುಡಿಯ ಹತ್ತಿರದ ಚಹಾದಂಗಡಿಗೆ ಬಾ ಎಂದು ಬರೆದಿದ್ದಳು. ಹೋದಾಗ ಗೆಳತಿಯರ ಜೊತೆ ಕೂತಿದ್ದಳು. ನಾಲ್ವರ ಎಂಟು ಕೈಗಳು ಗಾಳಿಯಲ್ಲಿ ಒಂದರ ಮಾತು ಇನ್ನೊಂದು ಕತ್ತರಿಸುತ್ತ ಹಾರಾಡುತ್ತಿದ್ದವು. ತಂಗಿ ಏನೋ ಹೇಳಿದಳು, ಉಳಿದವರು ಮೇಜು ಗುದ್ದಿ ನಕ್ಕರು. ನನ್ನ ತಂಗಿ ಇಷ್ಟು ಮಾತಾಡುತ್ತಾಳೆ, ಇಷ್ಟು ನಗಿಸುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಏನು ಹೇಳಿದಳೆಂದು ತಿಳಿಯಲು ಅವಳು ಫೋನು ತೆಗೆದು ಬರೆಯುವವರೆಗೆ ಕಾಯಬೇಕಿತ್ತು. ಬರೆಯಲಿಲ್ಲ. ನಾನೂ ಕೇಳಲಿಲ್ಲ.

ಗೆಳತಿಯರು ಎದ್ದು ಹೋದ ಮೇಲೆ ನಾನು ಮನೆಯಿಂದಲೇ ಬರೆದುಕೊಂಡು ಹೋಗಿದ್ದ ಕಾಗದ ಕೊಟ್ಟೆ. ತಪ್ಪು, ಸುಳ್ಳು, ಸಣ್ಣತನ, ಎಲ್ಲ ಅದರಲ್ಲಿತ್ತು. ಅವಳು ಓದಿ, ನಾಲ್ಕಾಗಿ ಮಡಿಚಿ ಪರ್ಸಿನಲ್ಲಿಟ್ಟಳು. ಫೋನಿನಲ್ಲಿ ಬರೆದಳು: “ಅವ್ವನ ಮೊಣಕಾಲು ಹೇಗಿದೆ?” ನಾನು ಬರೆದೆ: “ಮೆಟ್ಟಿಲು ಇಳಿಯುವಾಗ ನೋವು.” ಎಣ್ಣೆ ಹಚ್ಚಲು ಹೇಳು ಎಂದಳು. ನಮ್ಮ ಮಾತು ಅಲ್ಲಿಗೆ ಮುಗಿಯಿತು.

ಆ ದಿನ ಮರಳುವಾಗ ನನ್ನನ್ನು ಕಾಡಿದ್ದು ಅಂಗಡಿಯ ಸುಳ್ಳೊಂದೇ ಅಲ್ಲ. ಇಪ್ಪತ್ತೆಂಟು ವರ್ಷ ಅವಳು ನಮ್ಮ ತುಟಿಗಳನ್ನು ಕಣ್ಣು ನೋಯುವಷ್ಟು ದಿಟ್ಟಿಸಿದಳು. ಅವಳ ಕೈಮಾತು ಕಲಿಯಬೇಕೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಲಿಸುತ್ತೇವೆ ಬನ್ನಿ ಎಂದು ಶಾಲೆಯವರೇ ಹಿಂದೆ ಕರೆದಿದ್ದರು, ಅಪ್ಪನಿಗೆ ಪುರಸೊತ್ತಿರಲಿಲ್ಲ, ನನಗೆ ಕ್ರಿಕೆಟ್ ಇತ್ತು.

ಈಗ ಭಾನುವಾರ ಮುಂಜಾನೆ ನಾನು, ಅವ್ವ ಕೈಮಾತಿನ ತರಗತಿಗೆ ಹೋಗುತ್ತೇವೆ. “ಈ ವಯಸ್ಸಿನಾಗ ನನಗೆಲ್ಲಿ ಬರತದೋ” ಎಂದು ಅವ್ವ ಮೊದಲು ಹಿಂಜರಿದಳು. ಈಗ ನನಗಿಂತ ಬೇಗ ಕಲಿಯುತ್ತಿದ್ದಾಳೆ. ರೊಟ್ಟಿ ಬಡಿದ ಕೈ, ಚೆನ್ನಾಗಿ ತಿರುಗುತ್ತದೆ. ನನ್ನ ಬೆರಳುಗಳು ಮೊಂಡ. ಕಳೆದ ಸಲ ತಂಗಿ ರಜೆಗೆ ಬಂದಾಗ ಅವ್ವ ನೇರವಾಗಿ ಅವಳನ್ನು ಏನೇನೋ ಕೇಳಿದಳು, ಅವಳೂ ಹೇಳಿದಳು. ನಡುವೆ ನಾನು ಬೇಕಾಗಲಿಲ್ಲ. ಅವಳು ಹೊರಡುವ ಮುನ್ನ, ಕಲಿತಿದ್ದ ಕ್ಷಮೆಯ ಸನ್ನೆಯನ್ನು ಅವಳಿಗೆ ಮಾಡಿ ತೋರಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದು, ಕೈಯನ್ನು ಒಂದಿಷ್ಟು ಮೇಲಕ್ಕೆ ಸರಿಸಿ, ಸರಿಯಾದ ಜಾಗ ತೋರಿಸಿ ಬಿಟ್ಟಳು. ಸನ್ನೆಯನ್ನು ತಿದ್ದಿದಳೋ, ಕ್ಷಮೆಯನ್ನು ಒಪ್ಪಿದಳೋ ಕೇಳುವಷ್ಟು ಮಾತು ನನಗಿನ್ನೂ ಬರುವುದಿಲ್ಲ. ಕಂಪನಿಯ ಬಸ್ಸು ಹಿಡಿಯಬೇಕಿದ್ದ ಅವಳು ಚಪ್ಪಲಿ ಮೆಟ್ಟಿ ಇಳಿದು ಹೋದಳು.